ಹೆದ್ದಾರಿ ಹೊಂಡದ ಬೇಲಿಗೆ ಕಟ್ಟಿದ ಲಡಿ

ನೀರಿನಲ್ಲಿ ಎಣ್ಣೆ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕಾದರೆ ಗಾಜಿನ ಬಾಟಲಿಯೇ ಆಗಬೇಕು. ಆ ಬಾಟಲಿಯನ್ನು ಅದೇ ನೀರಿನಿಂದ ಗಲಬರಿಸಿ, ಅಂದರೆ ಕುಲುಕಿ ತೊಳೆದು, ಚೆಲ್ಲಬಾರದು. ನಮ್ಮ ಕಡೆ ಯಾವ ತಂಬಿಗೆಗೆ ನೀರು ತುಂಬಿದರೂ ಮೊದಲು ಒಮ್ಮೆ ಗಲಬರಿಸಿ ಚೆಲ್ಲುವುದು ಕೈಗೆ ಹತ್ತಿದ ಅಭ್ಯಾಸ. ಎಣ್ಣೆಯ ವಿಷಯದಲ್ಲಿ ಹಾಗೆ ಮಾಡಿದರೆ ಎಣ್ಣೆ ಗಾಜಿಗೆ ಅಂಟಿಕೊಂಡು ಫಲಿತಾಂಶ ತಪ್ಪುತ್ತದೆ. ಡಿಪ್ಲೊಮಾ ಓದುವಾಗ ಈ ಅಭ್ಯಾಸ ಬಿಡಲಾಗದೆ ನಾನು ಬೇಕಾದಷ್ಟು ಬೈಸಿಕೊಂಡಿದ್ದೇನೆ. ಇಷ್ಟು ಸಣ್ಣ ನಿಯಮವನ್ನು ಇವತ್ತಿಗೂ ಮರೆಯದ ನಾನೇ, ಕೊಳವೆಬಾವಿಯ ನೀರು ತುಂಬಿದ ಬಾಟಲಿಗೆ ಹೆದ್ದಾರಿಯ ಮಳೆನೀರು ಎಂದು ಚೀಟಿ ಅಂಟಿಸಿ ಸಹಿ ಹಾಕಿದವಳು. ಬೇರೆಯವರ ಮೇಲಿನ ನನ್ನ ಸಿಟ್ಟನ್ನು ಬರೆಯುವ ಮೊದಲು ಇದನ್ನು ಹೇಳಿಬಿಡುತ್ತೇನೆ.

ನಾನು ಬಾಗಲಕೋಟೆಯ ನವನಗರದವಳು. ನನ್ನ ಮೊದಲ ನೌಕರಿ ಹುನಗುಂದದ ಹತ್ತಿರ, ಹೆದ್ದಾರಿ ಅಗಲ ಮಾಡುತ್ತಿದ್ದ ಒಂದು ಗುತ್ತಿಗೆ ಕಂಪನಿಯ ಕ್ಯಾಂಪಿನಲ್ಲಿ ಸಿಕ್ಕಿತು. ಹುದ್ದೆಯ ಹೆಸರು ಪರಿಸರ ಸಹಾಯಕಿ. ಅವ್ವ ಅದನ್ನು ಕೇಳಿ ರಸ್ತೆ ಬದಿಗೆ ಗಿಡ ಹಚ್ಚುವ ಕೆಲಸ ಎಂದುಕೊಂಡು ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು. ಗಿಡಕ್ಕೂ ನನಗೂ ಸಂಬಂಧವಿರಲಿಲ್ಲ. ರಸ್ತೆಯ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು, ಅದನ್ನು ಪರೀಕ್ಷೆಗೆ ಕಳಿಸುವುದು, ಫಾರಂ ತುಂಬುವುದು ನನ್ನ ಕೆಲಸ.

ಮಳೆನೀರು ಅಂದರೆ ಶುದ್ಧ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಆಕಾಶದಿಂದ ಇಳಿಯುವಾಗ ಅದು ಶುದ್ಧವೇ. ಹೆದ್ದಾರಿಯ ಮೇಲೆ ಬಿದ್ದ ಮೇಲೆ ಅದರ ಕಥೆ ಬೇರೆ. ಇಳಕಲ್ಲಿನಿಂದ ಗ್ರಾನೈಟ್ ದಿಮ್ಮಿ ಹೊತ್ತು ಹೋಗುವ ಲಾರಿಗಳು ಬೇಸಿಗೆಯುದ್ದಕ್ಕೂ ಸೋರಿಸಿದ ಡೀಸೆಲ್ಲು, ಆಯಿಲು, ಸವೆದ ಟೈರಿನ ಕರಿ ಪುಡಿ, ಬ್ರೇಕಿನ ಧೂಳು ಎಲ್ಲ ಡಾಂಬರಿಗೆ ಅಂಟಿಕೊಂಡು ಕೂತಿರುತ್ತದೆ. ಮೊದಲ ಮಳೆ ಅದಷ್ಟನ್ನೂ ಒಮ್ಮೆಲೇ ತೊಳೆದು ತಗ್ಗಿಗೆ ತರುತ್ತದೆ. ಆ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡಬಾರದು ಎಂಬುದು ಕಂಪನಿಗೆ ಕೊಟ್ಟ ಪರವಾನಗಿಯ ಷರತ್ತು. ರಸ್ತೆಯ ಚರಂಡಿ ಮೊದಲು ಒಂದು ಹೊಂಡಕ್ಕೆ ಬರಬೇಕು, ಹೂಳು ತಳಕ್ಕೆ ಇಳಿಯಬೇಕು, ಎಣ್ಣೆ ಮೇಲೆ ತೇಲಿ ಅಡ್ಡಗೋಡೆಗೆ ತಡೆದು ನಿಲ್ಲಬೇಕು, ನಡುವಿನ ನೀರಷ್ಟೇ ಹಳ್ಳಕ್ಕೆ ಹೋಗಬೇಕು. ಮಳೆ ಶುರುವಾದ ಕೂಡಲೇ ಮಾದರಿ ಹಿಡಿದು ಪರೀಕ್ಷಿಸಬೇಕು. ಒಳ್ಳೆಯ ನಿಯಮ. ಬರೆದವರಿಗೆ ನನ್ನ ನಮಸ್ಕಾರ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ಒಂದು ಹಳ್ಳಿಯ ಅಂಚಿಗೆ ಕಂಪನಿ ಅಂಥ ಹೊಂಡ ಕಟ್ಟಿತು. ಚೆನ್ನಾಗಿಯೇ ಕಟ್ಟಿತು, ಅದನ್ನು ಅಲ್ಲಗಳೆಯುವುದಿಲ್ಲ. ಜಗಳ ಶುರುವಾದದ್ದು ಬೋರ್ಡಿನಿಂದ. ಇದು ರಸ್ತೆಯ ಕೊಳೆ ನೀರು, ಕುಡಿಯಬೇಡಿ, ದನಕ್ಕೆ ಕುಡಿಸಬೇಡಿ, ಮನೆಗೆ ಒಯ್ಯಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು ನಾನು ನಮ್ಮ ಮ್ಯಾನೇಜರರ ಮುಂದೆ ಇಟ್ಟೆ. ಅವರು ದಕ್ಷಿಣದ ಕಡೆಯವರು, ಯಾವತ್ತೂ ದನಿ ಎತ್ತಿದವರಲ್ಲ. ಇದನ್ನು ಓದಿದರೆ ಊರಿನವರು ಹೆದರಿ ಗಲಾಟೆ ಮಾಡುತ್ತಾರೆ, ಏನಾದರೂ ಒಳ್ಳೆಯದನ್ನು ಬರೆಯೋಣ ಅಂದರು. ಮರುವಾರ ಬೋರ್ಡು ಬಂತು. ನೀಲಿ ಹನಿ, ಹಸಿರು ಎಲೆಯ ಚಿತ್ರ, ಕೆಳಗೆ 'ಮಳೆನೀರು ಕೊಯ್ಲು ಹೊಂಡ, ಗ್ರಾಮದ ಸೇವೆಯಲ್ಲಿ' ಎಂಬ ಸಾಲು. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮೇಲಿನವರಿಗೆ ಕಳಿಸಿದರು. ಆ ಫೋಟೋದಲ್ಲಿ ನಾನೂ ಇದ್ದೇನೆ, ಹೆಲ್ಮೆಟ್ ಹಾಕಿಕೊಂಡು.

ಆ ವರ್ಷದ ಮೊದಲ ದೊಡ್ಡ ಮಳೆ ಭಾನುವಾರ ಮಧ್ಯಾಹ್ನ ಬಿತ್ತು. ನಾನು ನವನಗರದ ಮನೆಯಲ್ಲಿದ್ದೆ. ಸೋಮವಾರ ಬೆಳಿಗ್ಗೆ ಬಸ್ಸಿಳಿದು ಕ್ಯಾಂಪಿಗೆ ಹೋದರೆ ಮೇಜಿನ ಮೇಲೆ ಬಾಟಲಿಗಳು ತುಂಬಿ ಕೂತಿದ್ದವು. ನಿಮಗೆ ಯಾಕೆ ತ್ರಾಸು ಎಂದು ನಾವೇ ಹಿಡಿದಿಟ್ಟೆವು ಅಂದ ಸೈಟಿನ ಮೇಸ್ತ್ರಿ. ಬೆಳಕಿಗೆ ಹಿಡಿದು ನೋಡಿದೆ. ರಸ್ತೆ ತೊಳೆದು ಬಂದ ನೀರು ಅಷ್ಟು ತಿಳಿಯಾಗಿ ಇರುವುದು ಸಾಧ್ಯವೇ ಇಲ್ಲ. ಬಾಟಲಿಯ ಕುತ್ತಿಗೆಯಲ್ಲಿ ಉಪ್ಪಿನ ಬಿಳಿ ಗೆರೆ ಬೇರೆ ಕಟ್ಟಿತ್ತು. ಅದು ಕ್ಯಾಂಪಿನ ಕೊಳವೆಬಾವಿಯ ನೀರು, ನಾವು ದಿನಾ ಕೈ ತೊಳೆಯುತ್ತಿದ್ದದ್ದು. ಗೊತ್ತಾಯಿತು. ನನ್ನ ನೌಕರಿ ಕಾಯಂ ಆಗುವುದು ಇನ್ನೂ ಬಾಕಿ ಇತ್ತು. ಕೇಳುವುದನ್ನು ನಾಳೆಗೆ ಇಟ್ಟುಕೊಂಡು ಅವತ್ತು ಸಹಿ ಹಾಕಿದೆ.

ಅದೇ ವಾರ ಹಳ್ಳಿಯ ಹೆಂಗಸರು ಹೊಂಡಕ್ಕೆ ಉಡಿ ತುಂಬಲು ಬಂದರು. ಹೊಸ ನೀರು ಬಂದರೆ ಗಂಗವ್ವ ಬಂದಳು ಎಂದು ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಅಕ್ಕಿ, ಹಸಿರು ಬಳೆ, ಕುಬಸದ ಖಣ, ಎಲೆ ಅಡಿಕೆ, ಒಣಕೊಬ್ಬರಿ ಬಟ್ಟಲು. ಬಳೆ ನೀರಿಗೆ ಬಿಟ್ಟ ಮೇಲೆ ಆ ನೀರಿಗೆ ಉಗುಳುವಂತಿಲ್ಲ, ಚಪ್ಪಲಿ ಕಾಲು ಇಡುವಂತಿಲ್ಲ. ಒಂದು ಕೊಡ ಮನೆಗೆ ಒಯ್ದು ಅವತ್ತಿನ ಅಡಿಗೆಗೆ ಬಳಸಬೇಕು. ನಾನು ಓಡಿ ಹೋಗಿ, ಈ ನೀರು ಒಯ್ಯಬ್ಯಾಡ್ರಿ ಅಂದೆ. ಮುಂದಿದ್ದ ಹಿರಿಯ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮೊಮ್ಮಗಳಿಂದ ಬೋರ್ಡು ಓದಿಸಿದಳು.

"ನಿಮ್ಮ ಮಂದೀನ ಬರದಾರಲ್ಲವಾ, ಊರಿನ ಸೇವಾಕ್ಕ ಅಂತ. ನೀ ಮತ್ತ ಒಯ್ಯಬ್ಯಾಡ್ರಿ ಅಂತಿ. ಯಾವುದು ಖರೆ?"

ಹೆಂಗಸರು ಬಳೆಗಳನ್ನು ನೀರಿಗೆ ಬಿಟ್ಟರು. ಅವರು ನೀರನ್ನು ಕಣ್ಣಿಗೆ ಒತ್ತಿಕೊಂಡರು. ಚಿಕ್ಕಂದಿನಲ್ಲಿ ಚೊಳಚಗುಡ್ಡಕ್ಕೆ ಹೋದಾಗಲೆಲ್ಲ ಬನಶಂಕರಿಯ ಹೊಂಡದ ನೀರನ್ನು ಅವ್ವ ನಮ್ಮ ಕಣ್ಣಿಗೆ ಹಚ್ಚಿಯೇ ಗುಡಿಯೊಳಗೆ ಬಿಡುತ್ತಿದ್ದಳು. ಆ ಅಭ್ಯಾಸಕ್ಕೆ ನನ್ನ ಕೈಯೂ ನೀರಿಗೆ ಹೋಯಿತು, ಕಣ್ಣಿನವರೆಗೂ ಬಂತು. ಬೆರಳಿಗೆ ಡೀಸೆಲ್ಲಿನ ವಾಸನೆ ಇತ್ತು. ಆ ಹೆಂಗಸರಿಗೂ ಬಂದಿರಬೇಕು. ಆದರೆ ರಸ್ತೆಯ ಪಕ್ಕದ ಊರಿನವರಿಗೆ ಆ ವಾಸನೆ ಬಾರದ ಜಾಗವೇ ಇಲ್ಲ, ಅನ್ನಕ್ಕೆ ಕೂತರೂ ಬರುತ್ತದೆ.

ಈಗ ಚಾಚಾನ ವಿಷಯ. ಆ ಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ತಗಡಿನ ಶೆಡ್ಡು. ಅಲ್ಲಿ ಒಬ್ಬ ವಯಸ್ಸಾದ ಬಣ್ಣಗಾರ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. ಇಳಕಲ್ ಸೀರೆಯ ಸೆರಗಿಗೆ ಬೇಕಾದ ಕೆಂಪು ಅವನ ವಿಶೇಷ. ಊರೆಲ್ಲ ಅವನನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಬಸ್ಸು ತಡವಾದರೆ ನನಗೆ ಕೂರಲು ಸ್ಟೂಲು ಹಾಕಿ ಚಹಾ ತರಿಸುತ್ತಿದ್ದ. ಶೆಡ್ಡಿನ ಹಿಂದೆ ಮರಳು, ಇದ್ದಿಲು ತುಂಬಿದ ಒಂದು ಗುಂಡಿ ಇತ್ತು. ಬಣ್ಣದ ನೀರನ್ನು ಚರಂಡಿಗೆ ಬಿಡಬಾರದೆಂದು ಹಿಂದೆ ಅವನಿಗೆ ನೋಟಿಸು ಬಂದಿತ್ತಂತೆ. ನೋಟಿಸು ಕೊಟ್ಟವರು ಮತ್ತೆ ನೋಡಲು ಬರಲೇ ಇಲ್ಲ. ಅವನು ಮಾತ್ರ ತಾನೇ ಗುಂಡಿ ತೋಡಿ, ಬೇಸಿಗೆ ಬಂದಾಗಲೆಲ್ಲ ಇದ್ದಿಲು ಬದಲಿಸುತ್ತಿದ್ದ. ಯಂತ್ರಗಳ ಸಾಲು ಇಟ್ಟುಕೊಂಡ ನಮ್ಮ ಕಂಪನಿಗೆ ಒಂದು ಬಾಟಲಿ ಕೊಳಕು ನೀರು ಹಿಡಿಯಲು ಮನಸ್ಸಿರಲಿಲ್ಲ. ಈ ಮುದುಕ ಯಾರೂ ನೋಡದ ಹಿತ್ತಲಲ್ಲಿ ಇದ್ದಿಲು ಜರಡಿ ಹಿಡಿಯುತ್ತಿದ್ದ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವನ ದೊಡ್ಡ ಗೋಳು ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವುದಿಲ್ಲ, ರೇಷ್ಮೆ ಸರಿಯಾಗಿ ಸ್ವಚ್ಛವಾಗುವುದಿಲ್ಲ, ಕೆಂಪು ಮಂಕಾಗುತ್ತದೆ. ಮಳೆನೀರು ಮೆತ್ತಗಿನದು, ಅದರಲ್ಲಿ ತೊಳೆದ ರೇಷ್ಮೆಗೆ ಹತ್ತಿದ ಕೆಂಪನ್ನು ನೋಡಿದರೆ ಕಣ್ಣು ತುಂಬುತ್ತದೆ ಎಂದು ಅವನು ಎಷ್ಟೋ ಸಲ ಹೇಳಿದ್ದ. ತಗಡಿನ ಮೇಲಿನ ಮಳೆಯನ್ನು ಪೀಪಾಯಿಗೆ ಹಿಡಿದರೆ ನಾಲ್ಕು ದಿನಕ್ಕೆ ಸಾಲದು. ಈಗ ಊರ ಅಂಚಿಗೇ ಮಳೆನೀರಿನ ಹೊಂಡ, ಅದೂ ಗ್ರಾಮದ ಸೇವೆಗೆ. ಕ್ಯಾನುಗಳನ್ನು ಕೈಗಾಡಿಯ ಮೇಲೆ ಸಾಲಾಗಿ ಇಟ್ಟುಕೊಂಡು ಹೊರಟವನು ನನ್ನನ್ನು ಕಂಡು ನಿಂತ. ಚಾಚಾ, ಆ ನೀರು ಬ್ಯಾಡ ಅಂತ ಅನಸ್ತೈತಿ ಅಂದೆ. ಅವನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಗಾಡಿ ನಿಲ್ಲಿಸಿ, ಕಸುಬಿನವನು ಕಸುಬಿನವಳನ್ನು ಕೇಳುವ ಹಾಗೆ ಕೇಳಿದ.

"ನೀ ಪರೀಕ್ಷಾ ಮಾಡಿಸಿದಿ ಅಲ್ಲ ತಂಗಿ? ರಿಪೋರ್ಟಿನಾಗ ಏನ ಬಂದೈತಿ?"

ರಿಪೋರ್ಟು ಹಿಂದಿನ ದಿನವಷ್ಟೇ ಬಂದಿತ್ತು. ಎಲ್ಲ ಮಿತಿಯೊಳಗೆ, ಎಣ್ಣೆಯ ಕುರುಹಿಲ್ಲ, ಕೆಳಗೆ ನನ್ನ ಸಹಿ. ಅದು ಸುಳ್ಳು ಎಂದರೆ ಯಾಕೆ ಸಹಿ ಹಾಕಿದೆ ಎಂದು ಅವನು ಕೇಳುತ್ತಾನೆ. ಆ ಪ್ರಶ್ನೆಯನ್ನು ಎದುರಿಸುವ ಧೈರ್ಯ ನನಗೆ ಬರಲಿಲ್ಲ.

"ಚಲೋ ಐತಿ ಅಂತ ಬಂದೈತಿ ಚಾಚಾ," ಅಂದೆ.

ಅವನು ಗಾಡಿ ತಳ್ಳಿಕೊಂಡು ಹೋದ. ನಾನು ಹುನಗುಂದದ ಬಸ್ಸು ಹತ್ತಿದೆ.

ಎರಡು ವಾರ ಕಳೆದಿರಬೇಕು. ಚಾಚಾ ಒಂದು ದಿನ ಕ್ಯಾಂಪಿಗೇ ಬಂದ, ಕಂಕುಳಲ್ಲಿ ಒಂದು ಗಂಟು. ಗಂಟು ಬಿಚ್ಚಿ ರೇಷ್ಮೆಯ ಲಡಿಗಳನ್ನು ನನ್ನ ಮೇಜಿನ ಮೇಲೆ ಹರಡಿದ. ಹೆರಳಿನಂತೆ ಉದ್ದಕ್ಕೆ ಸುತ್ತಿದ ನೂಲು. ಕೆಂಪಿನ ನಡುವೆ ಅಲ್ಲಲ್ಲಿ ಬಣ್ಣ ಹತ್ತದ ಕಲೆ, ಕಲೆಯ ಅಂಚಿಗೆ ಕರಿ ಕಣ. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ, ತೊಳೆದ ಲಡಿಯನ್ನು ಮೇಲೆತ್ತುವಾಗ ಅದಕ್ಕೆ ಹತ್ತಿಕೊಂಡಿತ್ತು. ಎಣ್ಣೆ ಕೂತಲ್ಲಿ ಬಣ್ಣ ಕೂತಿರಲಿಲ್ಲ. ಪ್ರಯೋಗಾಲಯಕ್ಕೆ ನಾನು ಕಳಿಸದ ಮಾದರಿಯನ್ನು ಆ ರೇಷ್ಮೆ ತಾನಾಗಿಯೇ ಪರೀಕ್ಷೆ ಮಾಡಿ ಮುಗಿಸಿತ್ತು.

ಇಳಕಲ್ಲಿನ ಸಾಹುಕಾರರು, ಅಂದರೆ ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸುವ ಹಿರಿಯರು, ಈ ಲಡಿಗಳನ್ನು ವಾಪಸು ಕಳಿಸಿದ್ದರು. ಅವನ ಅಪ್ಪನ ಕಾಲದಿಂದ ಅವರ ಮನೆಯ ಸೆರಗಿನ ನೂಲು ಈ ಶೆಡ್ಡಿನಲ್ಲೇ ಬಣ್ಣವಾಗಿ ಹೋಗುತ್ತಿತ್ತು. ಮುದುಕ ಅಗ್ಗದ ಬಣ್ಣ ಹಾಕಿ ಮೋಸ ಮಾಡಿದ್ದಾನೆ ಎಂದು ಮಗ್ಗದ ಮನೆಗಳಲ್ಲಿ ಮಾತು ಹಬ್ಬಿ, ಉಳಿದವರೂ ನೂಲು ಕೊಡುವುದನ್ನು ನಿಲ್ಲಿಸಿದ್ದರು. ಇದೆಲ್ಲವನ್ನೂ ಅವನು ತಲೆ ತಗ್ಗಿಸಿಯೇ ಹೇಳಿದ. ಆಮೇಲೆ ಜೇಬಿನಿಂದ ಬಣ್ಣದ ಪುಡಿಯ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟ. ಬಣ್ಣದಲ್ಲಿ ಏನಾದರೂ ದೋಷ ಇದೆಯೇ ನೋಡು, ಇಲ್ಲವಾದರೆ ನನ್ನ ಕೈಯೇ ಕೆಟ್ಟಿದೆ, ನೀರು ಹೇಗೂ ಚೆನ್ನಾಗಿದೆಯಲ್ಲ ಅಂದ. ಅವನು ಬಣ್ಣವನ್ನು ಅನುಮಾನಿಸಿದ, ಒಲೆಯನ್ನು ಅನುಮಾನಿಸಿದ, ಒಂದು ಆಯುಷ್ಯದ ತನ್ನ ಕೈಯನ್ನೇ ಅನುಮಾನಿಸಿದ. ನನ್ನ ಮಾತನ್ನು ಮಾತ್ರ ಅನುಮಾನಿಸಲಿಲ್ಲ. ಪೊಟ್ಟಣವನ್ನು ನಾನು ಮೇಜಿನ ಖಾನೆಗೆ ಹಾಕಿದೆ, ನಿಜವನ್ನು ಅವತ್ತೂ ಹೇಳಲಿಲ್ಲ.

ಅವನು ಬಿಟ್ಟುಹೋದ ಒಂದು ಲಡಿಯನ್ನು ಮ್ಯಾನೇಜರರ ಮುಂದೆ ಹಿಡಿದೆ. ಬಟ್ಟೆಯ ಗುಣಮಟ್ಟ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಬೋರ್ಡಾದರೂ ಬದಲಿಸಿ ಅಂದರೆ, ಬದಲಿಸಿದರೆ ಮೊದಲಿನದು ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತದೆ ಅಂದರು. ಅವರು ಕೆಟ್ಟವರಂತೆ ನಡೆದುಕೊಂಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನನಗೆ ಕೂರಲು ಹೇಳಿ, ಫ್ಯಾನು ಜೋರು ಮಾಡಿ, ನಗುನಗುತ್ತಲೇ ಹೇಳಿದರು.

ಮುಂದಿನ ಮಳೆಗೆ ನಾನು ಕಾದು ಕೂತೆ. ಮೋಡ ಕಟ್ಟಿದ ದಿನ ರಜೆ ಹಾಕಿ ಹೊಂಡದ ಬಾಯಿಗೆ ಹೋಗಿ ನಿಂತೆ. ಚರಂಡಿಯಿಂದ ಮೊದಲ ನೀರು ಧುಮುಕಿದ ಕೂಡಲೇ, ಗಲಬರಿಸದೆ, ಗಾಜಿನ ಬಾಟಲಿ ತುಂಬಿದೆ. ಐಸಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಲಕೋಟೆಯವರೆಗೆ ಬಸ್ಸಿನಲ್ಲಿ ಹೋದೆ. ಮೀನು ಒಯ್ಯುತ್ತಿದ್ದೀಯಾ ಎಂದು ಪಕ್ಕದ ಹೆಂಗಸು ಸೆರಗು ಸರಿಸಿಕೊಂಡು ಕೂತಳು. ಪ್ರಯೋಗಾಲಯದವರು ಫಲಿತಾಂಶ ಕೊಡುವಾಗ, ಇದು ಗ್ಯಾರೇಜಿನ ನೀರೇ ಎಂದು ಕೇಳಿದರು. ಆ ಕಾಗದದ ಜೊತೆಗೆ, ಮೊದಲ ವರದಿಯ ನೀರು ಹೊಂಡದ್ದಲ್ಲ, ತಿಳಿದೂ ಸಹಿ ಹಾಕಿದೆ ಎಂದು ಬರೆದು ಕಂಪನಿಗೆ ಪರವಾನಗಿ ಕೊಟ್ಟ ಕಚೇರಿಗೆ ಕೊಟ್ಟೆ.

ವಿಚಾರಣೆ ಹುನಗುಂದದಲ್ಲಿ ನಡೆಯಿತು. ನಾನು ಕಾಗದ ಇಟ್ಟೆ, ಅದರ ಮೇಲೆ ಕಲೆಯಾದ ಲಡಿಯನ್ನೂ ಇಟ್ಟೆ. ಬಂದಿದ್ದ ಅಧಿಕಾರಿ ಲಡಿಯನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ಸರಿಸಿ, ಎರಡು ವರದಿಗಳನ್ನು ಜೋಡಿಸಿ ಹಿಡಿದರು.

"ಎರಡರ ಮ್ಯಾಲೂ ನಿಮ್ಮ ಸಹೀನ ಐತಿ. ಒಂದು ಸುಳ್ಳು ಬರದವರು ಇನ್ನೊಂದು ಖರೆ ಬರದೀರಿ ಅಂತ ನಾವು ಹೆಂಗ ನಂಬೂದು?"

ಎಷ್ಟು ಸಿಟ್ಟು ಬಂದರೂ ಆ ಮಾತು ಸರಿಯಾದದ್ದೇ ಎಂದು ಇವತ್ತಿಗೂ ಒಪ್ಪುತ್ತೇನೆ. ಆದರೆ ನಂಬಿಕೆ ಬಾರದಿದ್ದರೆ ತಾವೇ ಒಂದು ಬಾಟಲಿ ಹಿಡಿಯಬಹುದಿತ್ತು. ಹೊಂಡ ಅಲ್ಲಿಂದ ದೂರವೇನೂ ಇರಲಿಲ್ಲ. ಅವರು ಹೋಗಲಿಲ್ಲ. ಕಂಪನಿ ಕೊಟ್ಟ ವರದಿಯೇ ಅಧಿಕೃತ ಎಂದಾಯಿತು. ಹೊಂಡದ ಸುತ್ತ ತಂತಿ ಬೇಲಿ ಹಾಕಬೇಕೆಂದಾಯಿತು. ಅನುಮತಿ ಇಲ್ಲದೆ ಹೆದ್ದಾರಿಯ ಹೊಂಡದ ನೀರು ಎತ್ತಿದ್ದಕ್ಕೆ ಚಾಚಾನ ಮನೆಗೆ ಒಂದು ನೋಟಿಸು ಹೋಯಿತು. ನೀಲಿ ಹನಿಯ ಬೋರ್ಡು ಇದ್ದಲ್ಲೇ ಇತ್ತು, ಈಗ ಬೇಲಿಯ ಒಳಗೆ. ನನ್ನ ನೌಕರಿ ಕಾಯಂ ಆಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕ್ಯಾಂಪಿನಿಂದ ಚೀಲ ತೆಗೆದುಕೊಂಡು ನೇರ ಶೆಡ್ಡಿಗೆ ಹೋದೆ. ಒಲೆ ಆರಿತ್ತು, ತಾಮ್ರದ ಹಂಡೆ ಬೋರಲು ಬಿದ್ದಿತ್ತು. ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಬಾಟಲಿಯ ಕುತ್ತಿಗೆಯ ಬಿಳಿ ಗೆರೆಯನ್ನೂ ಬಿಡಲಿಲ್ಲ. ಅವನು ಒಂದೇ ಪ್ರಶ್ನೆ ಕೇಳಿದ.

"ಅವತ್ತ ನಾ ಗಾಡಿ ನಿಂದರಿಸಿ ಕೇಳಿದಾಗ, ನಿನಗ ಗೊತ್ತಿತ್ತು?"

ಗೊತ್ತಿತ್ತು ಅಂದೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವನಿಗೂ ತಿಳಿದಿತ್ತೇನೋ. ಸ್ಟೂಲು ಹಾಕಲಿಲ್ಲ, ಚಹಾ ತರಿಸಲಿಲ್ಲ. ಟೋಪಿ ಹಾಕಿಕೊಂಡು ಗಂಟು ಹೊತ್ತು, ನಡಿ ಇಳಕಲ್ಲಿಗೆ ಅಂದ.

ಸಾಹುಕಾರರ ಪಡಸಾಲೆಯಲ್ಲಿ ನೂಲು ಒಯ್ಯಲು ಬಂದ ನೇಕಾರರು ಕೂತಿದ್ದರು. ಅವರೆಲ್ಲರ ಎದುರಿಗೆ ನಾನು ಮಾಡಿದ್ದನ್ನು ನಾನೇ ಹೇಳಬೇಕಾಯಿತು. ಹೇಳಿದೆ. ಹಣೆಗೆ ವಿಭೂತಿ ಹಚ್ಚಿದ್ದ ಸಾಹುಕಾರರು ಲಡಿಯನ್ನು ಬಾಗಿಲ ಬೆಳಕಿಗೆ ಒಯ್ದು, ಕಲೆಯನ್ನು ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು ನೋಡಿದರು. ಕಚೇರಿಯಲ್ಲಿ ಯಾರೂ ಮಾಡದ ಕೆಲಸ ಅದು. ಆಮೇಲೆ ಒಳಗಿನಿಂದ ಬಿಳಿ ರೇಷ್ಮೆಯ ಒಂದು ಕಟ್ಟು ತರಿಸಿ ಚಾಚಾನ ಮುಂದೆ ಇಟ್ಟರು. ಮೊದಲಿನಷ್ಟಲ್ಲ, ಒಂದೇ ಕಟ್ಟು. ಹಬ್ಬಿದ ಮಾತು ಹಿಂದಕ್ಕೆ ಬರಲು ಎಷ್ಟು ದಿನ ಹಿಡಿಯುತ್ತದೋ ನೋಡೋಣ ಅಂದರು. ವಾಪಸು ಬರುವಾಗ ಚಾಚಾ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ, ಮುಂದಿನ ಸೀಟಿನಲ್ಲಿ ಕೂತ.

ಈಗ ನಾನು ನವನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮರುವರ್ಷ ಮೋಡ ಕಟ್ಟುವ ಹೊತ್ತಿಗೆ ಚಾಚಾನ ಫೋನು ಬಂತು. ನಾಳೆ ಮಳೆ ಬರುವ ಹಂಗೈತಿ, ಬಾ. ಅಷ್ಟೇ. ಹೋದೆ. ಮಳೆ ಹೊಯ್ದು ನಿಂತ ಮೇಲೆ ಹೊಂಡದ ಹತ್ತಿರ ಅದೇ ಹೆಂಗಸರು ಉಡಿಯ ಸಾಮಾನು ಹಿಡಿದು ನಿಂತಿದ್ದರು. ಬೇಲಿ ಹಾಕಿದರೆ ಗಂಗವ್ವ ಬೇರೆಯವಳಾಗುವುದಿಲ್ಲವಲ್ಲ. ತಂತಿ ಸಡಿಲಾದ ಕಡೆ ಕೈ ಹೋಗುವಷ್ಟು ಜಾಗ ಇತ್ತು. ಚಾಚಾ ಒಂದು ಬಿಳಿ ಲಡಿಯನ್ನು ನನ್ನ ಕೈಗೆ ಕೊಟ್ಟು, ಅದ್ದು ಅಂದ. ಅದ್ದಿ ಮೇಲೆತ್ತಿದೆ. ಹಾಲಿನಂಥ ರೇಷ್ಮೆಯ ಉದ್ದಕ್ಕೂ ಕರಿ ಪಟ್ಟೆ ಹತ್ತಿ ಬಂತು. ಅವನು ದನಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ನೀರು ಹೆಂಗೈತಿ, ಹೇಳ ತಂಗಿ."

"ಕೊಳಕ ಐತಿ ಚಾಚಾ."

ಹಿರಿಯ ಹೆಂಗಸು ಲಡಿಯನ್ನು ಮುಟ್ಟಿ, ಬೆರಳು ನೋಡಿಕೊಂಡಳು. ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಉಡಿಯ ಸಾಮಾನು ಎತ್ತಿಕೊಂಡು ಎಲ್ಲರನ್ನೂ ಊರೊಳಗಿನ ಹಳೇ ಬಾವಿಗೆ ಕರೆದುಕೊಂಡು ಹೋದಳು. ಲಡಿಯನ್ನು ಚಾಚಾ ಬೇಲಿಗೆ ಬಿಗಿದು ಕಟ್ಟಿದ. ಓದಲು ಬಾರದವರಿಗೂ ಓದಲು ಬರುವ ಬೋರ್ಡು ಅದೊಂದೇ. ಕಂಪನಿಯವರು ಅದನ್ನು ಯಾವುದೋ ಹರಕೆ ಎಂದು ತಿಳಿದು, ಸ್ಥಳೀಯರ ಶ್ರದ್ಧೆ ಎಂದು ಬರೆದು ಫೋಟೋ ಕಳಿಸಿದ್ದಾರಂತೆ. ಕಳಿಸಲಿ. ಹೊಂಡದ ನೀರು ಶುದ್ಧ ಎನ್ನುವ ವರದಿಯೂ ಆ ಫೈಲಿನಲ್ಲೇ ಇದೆ, ನನ್ನ ಸಹಿಯೊಂದಿಗೆ.

ಅಲ್ಲಿಂದ ಪ್ರತಿ ವರ್ಷ ಮೊದಲ ಮಳೆಗೆ ಫೋನು ಬರುತ್ತದೆ. ಲಡಿ ಅದ್ದಲು ಅವನಿಗೆ ನಾನೇನೂ ಬೇಕಾಗಿಲ್ಲ. ಆದರೂ ಕರೆಸುತ್ತಾನೆ, ಅದೇ ಪ್ರಶ್ನೆ ಕೇಳುತ್ತಾನೆ, ನನ್ನ ಬಾಯಿಂದಲೇ ಹೇಳಿಸುತ್ತಾನೆ. ಕ್ಷಮಿಸಿದ್ದೇನೆ ಎಂದು ಅವನು ಯಾವತ್ತೂ ಹೇಳಿಲ್ಲ, ನಾನೂ ಕೇಳಿಲ್ಲ. ಕಳೆದ ವರ್ಷ ಬಸ್ಸು ತಡವಾಯಿತು. ಅವನು ಒಳಗಿನಿಂದ ಸ್ಟೂಲು ತಂದು ಹಾಕಿ, ಹಂಡೆ ಇಟ್ಟ ಒಲೆಯ ಕಡೆ ಹೋದ.